ಪೂರ್ತಿ ನೋಡಿದ್ದೀಯಾ?

ಕನ್ನಡದ ಹತ್ತು ಶ್ರೇಷ್ಠ ಸಿನಿಮಾ ಯಾವುವು ಅಂತ ಯಾರನ್ನಾದರೂ ಕೇಳಿ ನೋಡಿ. ಮೊದಲ ನಾಲ್ಕು ಹೆಸರು ಉಸಿರು ಬಿಡದೆ ಬರುತ್ತವೆ. ಐದು, ಆರು ಸ್ವಲ್ಪ ತಡವಾಗಿ. ಏಳನೆಯದು ಹೇಳುವಷ್ಟರಲ್ಲಿ ಪಕ್ಕದಲ್ಲಿದ್ದವನು ‘ಅದೆಲ್ಲ ಲಿಸ್ಟಿಗೆ ಬರುತ್ತಾ ಗುರು?’ ಅಂತಾನೆ. ಅಲ್ಲಿಗೆ ಸಿನಿಮಾ ಮಾತು ಮುಗೀತು, ಜಗಳ ಶುರು.

ನಮ್ಮ ಟೀಮಿನಲ್ಲಿ ಈ ಜಗಳ ಮೂರು ವಾರ ನಡೆಯಿತು. ನವೆಂಬರ್ ಬಂತು ಅಂದ್ರೆ ಐಟಿ ಆಫೀಸುಗಳಲ್ಲಿ ಹಳದಿ-ಕೆಂಪು ಶಾಲು, ಒಂದು ಕ್ವಿಜ್, ಒಂದು ಗ್ರೂಪ್ ಫೋಟೊ. ಈ ಸಲ ಕ್ವಿಜ್ ಬೇಡ, ಟಾಪ್ ಟೆನ್ ಮಾಡೋಣ ಅಂದವನು ನಮ್ಮ ಮಂಡ್ಯದ ಹುಡುಗ. ಶೀಟ್ ಮಾಡಿಕೊಟ್ಟವನು ನಾನು. ಹನ್ನೊಂದು ಜನ, ತಲಾ ಹತ್ತು ಸಿನಿಮಾ, ಒಂದು ಹೆಸರಿಗೆ ಒಂದು ಅಂಕ. ಮೊದಲು ಯಾವುದು, ಎರಡನೆಯದು ಯಾವುದು ಅಂತ ಬರೆಯೋ ಹಾಗಿಲ್ಲ. ಕೂಡಿಸಿದರೆ ಆಯ್ತು, ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆವು.

ಬಂಗಾರದ ಮನುಷ್ಯ, ನಾಗರಹಾವು ಎಲ್ಲರ ಶೀಟಿನಲ್ಲೂ ಇದ್ದವು. ತಕರಾರಿಲ್ಲ. ಕೆಳಗಡೆ ಘಟಶ್ರಾದ್ಧಕ್ಕೂ ಕೆಜಿಎಫ್‌ಗೂ ಸಮ ಅಂಕ ಬಂದು ಕೂತಿತ್ತು ನೋಡಿ, ಅಲ್ಲಿ ಹತ್ತಿಕೊಂಡಿತು. ಕೆಜಿಎಫ್ ಹಾಕಿದವರಿಗೆ ಟೇಸ್ಟ್ ಇಲ್ಲ ಅಂತ ಒಂದು ಪಾರ್ಟಿ. ಘಟಶ್ರಾದ್ಧ ಹಾಕಿದವರು ಸುಮ್ನೆ ಸ್ಕೋಪ್ ತಗೋತಿದ್ದಾರೆ ಅಂತ ಇನ್ನೊಂದು ಪಾರ್ಟಿ. ಆಗ ಶಿವಮೊಗ್ಗದ ನಮ್ಮ ಟೆಸ್ಟರ್ ಮೇಡಂ, ಟೆಸ್ಟರ್‌ಗಳಿಗೆ ಮಾತ್ರ ಬರುವ ದನಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: ‘ಘಟಶ್ರಾದ್ಧ ಹಾಕಿದೀರಲ್ಲ, ಪೂರ್ತಿ ನೋಡಿದ್ದೀರಾ?’

ನೋಡಿದ್ದವರು ಅವರು ಮತ್ತು ನಾನು. ಮಿಕ್ಕವರಿಗೆ ಗೊತ್ತಿದ್ದದ್ದು ಇಷ್ಟು: 1977, ಗಿರೀಶ್ ಕಾಸರವಳ್ಳಿ, ಅನಂತಮೂರ್ತಿ ಕಥೆ, ಸ್ವರ್ಣಕಮಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದ ಯಾರಿಗಾದರೂ ಗೊತ್ತಿರುವಷ್ಟು. ಕೆಜಿಎಫ್ ಪಾರ್ಟಿ ಚಪ್ಪಾಳೆ ತಟ್ಟಿತು. ಮೇಡಂ ಅವರ ಕಡೆಗೂ ತಿರುಗಿದರು: ‘ಸರಿ, ಬಂಗಾರದ ಮನುಷ್ಯ?’

ಚಪ್ಪಾಳೆ ನಿಂತಿತು. ಹಾಡು ಗೊತ್ತು, ಕೊನೆಯಲ್ಲಿ ರಾಜಣ್ಣ ಬರಿಗೈಯಲ್ಲಿ ಮನೆ ಬಿಟ್ಟು ಹೋಗೋದು ಗೊತ್ತು, ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿತು ಅನ್ನೋದು ಗೊತ್ತು. ಆದರೆ ಟೈಟಲ್‌ನಿಂದ ‘ಶುಭಂ’ವರೆಗೆ ಕೂತು ನೋಡಿದವರು ಅರ್ಧಕ್ಕರ್ಧ ಇಲ್ಲ. ಅಂದ್ರೆ ನಮ್ಮ ಶೀಟಿನಲ್ಲಿ ಎರಡು ಜಾತಿಯ ಸಿನಿಮಾ ಇದ್ದವು: ಜಿ.ಕೆ. ಪುಸ್ತಕದ ಸಿನಿಮಾಗಳು, ಕಾಲರ್ ಟ್ಯೂನ್ ಸಿನಿಮಾಗಳು. ಒಂದನ್ನ ಪ್ರಶಸ್ತಿ ನೋಡಿ ಹಾಕಿದ್ದೆವು, ಇನ್ನೊಂದನ್ನ ಹಾಡು ಕೇಳಿ. ನೋಡಿ ಹಾಕಿದ್ದು ಕಡಿಮೆ.

ಶೀಟಿಗೆ ಇನ್ನೊಂದು ಕಾಲಂ ಸೇರಿಸಿದೆ. ‘ಪೂರ್ತಿ ನೋಡಿದ್ದೇನೆ: ಹೌದು / ಇಲ್ಲ’. ‘ಇಲ್ಲ’ ಇರುವ ಅಂಕ ಲೆಕ್ಕಕ್ಕಿಲ್ಲ. ಫಿಲ್ಟರ್ ಹಾಕಿದ ಮೇಲೆ ಉಳಿದದ್ದನ್ನ ನೋಡಿದರೆ ಅದು ಕನ್ನಡದ ಟಾಪ್ ಟೆನ್ ಅಲ್ಲ. 1993ರಿಂದ 1998ರ ಮಧ್ಯೆ ಹುಟ್ಟಿ, ರಜಾದಿನ ಟೀವಿ ಮುಂದೆ ಕೂತವರ ಟಾಪ್ ಟೆನ್. ಮುಂಗಾರು ಮಳೆ ದಿಢೀರನೆ ಒಂದನೇ ಸ್ಥಾನಕ್ಕೆ ಬಂತು. ಬರದೇ ಇರುತ್ತಾ? 2006ರಲ್ಲಿ ನಾವೆಲ್ಲ ಇನ್ನೂ ಸ್ಕೂಲಿನಲ್ಲಿದ್ದೆವು. ಆ ವಯಸ್ಸಲ್ಲಿ ನೋಡಿದ ಸಿನಿಮಾಕ್ಕೆ ಅಂಕ ಕೊಡುವಾಗ ಯಾರ ಕೈಯೂ ಬಿಗಿಯಾಗಲ್ಲ.

ಇದು ನಮ್ಮ ಹನ್ನೊಂದು ಜನರ ಕಥೆ ಮಾತ್ರ ಅಲ್ಲ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ಜಗತ್ತಿನ ಶ್ರೇಷ್ಠ ಸಿನಿಮಾ ಯಾವುದು ಅಂತ ವಿಮರ್ಶಕರನ್ನ ಕೇಳುತ್ತೆ. ಅಲ್ಲೂ ನಮ್ಮದೇ ಶೀಟು: ಒಬ್ಬರಿಗೆ ಹತ್ತು ಹೆಸರು, ಹೆಸರಿಗೊಂದು ಮತ. ಮೊದಲ ಸಲ ಗೆದ್ದದ್ದು ಇಟಲಿಯ ‘ಬೈಸಿಕಲ್ ಥೀವ್ಸ್’, ಬಿಡುಗಡೆಯಾಗಿ ಆಗಿನ್ನೂ ನಾಲ್ಕೇ ವರ್ಷ. ಆ ವರ್ಷದ ಮೊದಲ ಹತ್ತರಲ್ಲಿ ‘ಸಿಟಿಜನ್ ಕೇನ್’ ಇರಲೇ ಇಲ್ಲ. 1962ರಲ್ಲಿ ಅದೇ ಒಂದನೇ ಸ್ಥಾನಕ್ಕೆ ಬಂದು 2002ರವರೆಗೆ, ಅಂದ್ರೆ ಐದು ಸಲ, ಕುರ್ಚಿ ಬಿಡಲಿಲ್ಲ. 2012ರಲ್ಲಿ ಹಿಚ್‌ಕಾಕ್‌ನ ‘ವರ್ಟಿಗೊ’ ಇಳಿಸಿತು. ಅದು ಬಿಡುಗಡೆಯಾಗಿದ್ದು 1958ರಲ್ಲಿ, ಆಗ ವಿಮರ್ಶಕರು ಅಷ್ಟೇನೂ ಮೆಚ್ಚಿರಲಿಲ್ಲ. 2022ರಲ್ಲಿ ಗೆದ್ದದ್ದು ಬೆಲ್ಜಿಯಂನ ಶಾಂಟಾಲ್ ಆಕರ್ಮನ್ 1975ರಲ್ಲಿ ಮಾಡಿದ ‘ಜಾನ್ ದೀಲ್ಮನ್’. ಮೂರು ಗಂಟೆ ಇಪ್ಪತ್ತೊಂದು ನಿಮಿಷದ ಸಿನಿಮಾ. ಒಬ್ಬ ವಿಧವೆ ಆಲೂಗಡ್ಡೆ ಸಿಪ್ಪೆ ತೆಗೀತಾಳೆ, ಪಾತ್ರೆ ತೊಳೀತಾಳೆ, ಹಾಸಿಗೆ ಸರಿ ಮಾಡ್ತಾಳೆ. ಕ್ಯಾಮೆರಾ ಅಲುಗಾಡಲ್ಲ.

ಆಗ ಆದ ಗಲಾಟೆ ಕೇಳಿ. ಇದು ರಾಜಕೀಯ, ಇದು ಲೆಕ್ಕಾಚಾರ ಅಂತ ದೊಡ್ಡ ದೊಡ್ಡವರೇ ಸಿಟ್ಟಾದರು. ಮತ ಹಾಕಿದವರ ಸಂಖ್ಯೆ ಈ ಸಲ 1,600 ದಾಟಿತ್ತು, 2012ಕ್ಕೆ ಹೋಲಿಸಿದರೆ ಸುಮಾರು ಎರಡರಷ್ಟು. ಹೆಂಗಸರು, ಚಿಕ್ಕ ವಯಸ್ಸಿನವರು, ಯುರೋಪ್-ಅಮೆರಿಕದ ಆಚೆಯವರು ಹೆಚ್ಚಾಗಿ ಸೇರಿದ್ದರು. ಸಿನಿಮಾ ಬದಲಾಗಿರಲಿಲ್ಲ. 1975ರಲ್ಲಿ ಎಷ್ಟು ಆಲೂಗಡ್ಡೆ ಇತ್ತೋ ಈಗಲೂ ಅಷ್ಟೇ ಇದೆ. ಮನೆಗೆಲಸವನ್ನ ಕಥೆ ಅಂತ ಒಪ್ಪುವ ಮತದಾರರು ಬಂದಿದ್ದರು. ಅದನ್ನ ಮೋಸ ಅನ್ನೋದಾದರೆ, ಅದಕ್ಕೆ ಮುಂಚಿನ ಅರವತ್ತು ವರ್ಷದ ಪಟ್ಟಿಗಳನ್ನ ಏನಂತ ಕರೀಬೇಕು?

(ಒಂದು ಹೊಟ್ಟೆಕಿಚ್ಚಿನ ವಿಷಯ. ಆಕರ್ಮನ್ ಆ ಸಿನಿಮಾ ಮಾಡುವಾಗ ವಯಸ್ಸು ಇಪ್ಪತ್ತೈದರ ಆಸುಪಾಸು. ಆರ್ಸನ್ ವೆಲ್ಸ್ ‘ಸಿಟಿಜನ್ ಕೇನ್’ ಮಾಡಿದಾಗಲೂ ಹೆಚ್ಚುಕಡಿಮೆ ಅಷ್ಟೇ. ಘಟಶ್ರಾದ್ಧದ ಹೊತ್ತಿಗೆ ಕಾಸರವಳ್ಳಿಯವರಿಗೆ ಇಪ್ಪತ್ತೇಳೂ ತುಂಬಿರಲಿಲ್ಲ. ಮೂವತ್ತು ದಾಟುತ್ತಿರುವ ನಾನು ಈ ವರ್ಷದ ಅಪ್ರೈಸಲ್‌ನಲ್ಲಿ ‘ಲಾಗಿನ್ ಪೇಜ್ ಬೇಗ ತೆರೆಯುವಂತೆ ಮಾಡಿದೆ’ ಅಂತ ಬರೆದಿದ್ದೇನೆ.)

‘ವಿಮರ್ಶಕರ ಸಹವಾಸ ಬೇಡ, ಐಎಂಡಿಬಿ ನೋಡೋಣ, ಅದು ಜನರ ಮತ’ ಅಂದ ಒಬ್ಬ. ಇಲ್ಲಿ ನನ್ನ ಇಂಜಿನಿಯರಿಂಗ್ ಬುದ್ಧಿ ಸುಮ್ಮನಿರಲಿಲ್ಲ. ಐಎಂಡಿಬಿಯ ಟಾಪ್ 250 ಬರೀ ಸರಾಸರಿ ಅಲ್ಲ. ಹತ್ತು ಜನ ಹತ್ತಕ್ಕೆ ಹತ್ತು ಕೊಟ್ಟ ಸಿನಿಮಾ ಮೊದಲ ಸ್ಥಾನಕ್ಕೆ ಹಾರಬಾರದಲ್ಲ, ಅದಕ್ಕೆ ಒಂದು ಸೂತ್ರ ಇದೆ. ಮತ ಕಡಿಮೆ ಇದ್ದರೆ ಸಿನಿಮಾದ ಸ್ಕೋರನ್ನ ಅದು ಒಟ್ಟು ಸರಾಸರಿಯ ಕಡೆಗೆ ಎಳೆಯುತ್ತೆ. ಮತ ಹೆಚ್ಚಿದಷ್ಟೂ ಅದರ ಸ್ವಂತ ಸ್ಕೋರಿಗೆ ಬೆಲೆ. ಜೊತೆಗೆ ಕನಿಷ್ಠ 25,000 ಮತ ಬೇಕು. ಗಣಿತವಾಗಿ ನೋಡಿದರೆ ಅಚ್ಚುಕಟ್ಟು, ನಾನೇ ಬರೆದಿದ್ದರೂ ಹೀಗೇ ಬರೀತಿದ್ದೆ. ಆದರೆ ಚೋಮನ ದುಡಿಗೆ 25,000 ಮತ ಎಲ್ಲಿಂದ ಬರಬೇಕು? ಆ ಸಿನಿಮಾವನ್ನ 1975ರಲ್ಲಿ ಕೂತು ನೋಡಿದವರ ಹತ್ತಿರ ಐಎಂಡಿಬಿ ಅಕೌಂಟ್ ಇಲ್ಲ. ಅಕೌಂಟ್ ಇರುವ ನಮಗೆ ಒಳ್ಳೆಯ ಪ್ರಿಂಟ್ ಸುಲಭಕ್ಕೆ ಸಿಗಲ್ಲ.

ಅದೇ ಪಟ್ಟಿಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿರುವ ‘ಶಾಶಾಂಕ್ ರಿಡೆಂಪ್ಷನ್’ 1994ರಲ್ಲಿ ಥಿಯೇಟರಿನಲ್ಲಿ ಸೋತ ಸಿನಿಮಾ. ವಿಡಿಯೊ ಕ್ಯಾಸೆಟ್, ಕೇಬಲ್ ಟೀವಿಯಲ್ಲಿ ಮತ್ತೆ ಮತ್ತೆ ಹಾಕಿ ಹಾಕಿ ಜನರ ಸಿನಿಮಾ ಆಯ್ತು. ನಮ್ಮಲ್ಲಿ ಉದಯ ಟೀವಿ ಮಾಡಿದ ಕೆಲಸ ಇನ್ನೇನು? ಶ್ರೇಷ್ಠ ಅನ್ನಿಸಿಕೊಳ್ಳೋಕೆ ಮುಂಚೆ ಸಿನಿಮಾ ಕಣ್ಣಿಗೆ ಬೀಳಬೇಕು.

ಕಣ್ಣಿಗೆ ಬೀಳದೇ ಹೋದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಮೊಟ್ಟಮೊದಲ ಟಾಕಿಯೇ ಸಾಕ್ಷಿ. 1934ರ ‘ಸತಿ ಸುಲೋಚನ’, ವೈ.ವಿ. ರಾವ್ ನಿರ್ದೇಶನ, ಆರ್. ನಾಗೇಂದ್ರರಾಯರು ರಾವಣ, ಸುಬ್ಬಯ್ಯ ನಾಯ್ಡು ಇಂದ್ರಜಿತ್, ತ್ರಿಪುರಾಂಬ ಸುಲೋಚನ. ಚಿತ್ರೀಕರಣ ಕೊಲ್ಹಾಪುರದಲ್ಲಿ. ಇದೆಲ್ಲ ಗೊತ್ತು. ಪ್ರಿಂಟ್ ಮಾತ್ರ ಉಳಿದಿಲ್ಲ. ಅದು ಚೆನ್ನಾಗಿತ್ತಾ, ಸುಮಾರಾಗಿತ್ತಾ, ನಾಗೇಂದ್ರರಾಯರ ರಾವಣ ಹೇಗೆ ನಕ್ಕ, ಇನ್ನು ಯಾರೂ ಹೇಳೋಕಾಗಲ್ಲ. ಕ್ವಿಜ್‌ನಲ್ಲಿ ಪ್ರತಿ ವರ್ಷ ಬರುತ್ತೆ, ಲಿಸ್ಟಿನಲ್ಲಿ ಯಾವತ್ತೂ ಬರಲ್ಲ.

ಘಟಶ್ರಾದ್ಧದ ಅದೃಷ್ಟ ಬೇರೆ. ನೆಗೆಟಿವ್ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಷನ್, ಮಾರ್ಟಿನ್ ಸ್ಕಾರ್ಸೆಸಿಯವರ ಫಿಲ್ಮ್ ಫೌಂಡೇಷನ್ ಎಲ್ಲ ಸೇರಿ ಅದನ್ನ ಶುಚಿ ಮಾಡಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದಕ್ಕೆ ಎರಡು ವರ್ಷ ಮುಂಚೆ ಫಿಪ್ರೆಸ್ಕಿಯ ಭಾರತ ಘಟಕ ಆರಿಸಿದ ಭಾರತದ ಹತ್ತು ಶ್ರೇಷ್ಠ ಸಿನಿಮಾಗಳಲ್ಲಿ ಅದು ಐದನೆಯದು. ಮೊದಲನೆಯದು ಪಥೇರ್ ಪಾಂಚಾಲಿ, ಹತ್ತನೆಯದು ಶೋಲೆ. ಇಡೀ ಪಟ್ಟಿಯಲ್ಲಿ ಕನ್ನಡದ್ದು ಇದೊಂದೇ.

ನನ್ನನ್ನ ಕೇಳಿದರೆ ಆ ಜಾಗ ಅದಕ್ಕೆ ಸಲ್ಲಬೇಕು, ಪ್ರಶಸ್ತಿಗಾಗಿ ಅಲ್ಲ. ವೇದ ಕಲಿಯೋಕೆ ಬಂದ ನಾಣಿ ಅನ್ನೋ ಪುಟ್ಟ ಹುಡುಗ, ಅವನನ್ನ ತಾಯಿ ಹಾಗೆ ನೋಡಿಕೊಳ್ಳುವ ವಿಧವೆ ಯಮುನಕ್ಕ. ಅವಳು ಬಸುರಿಯಾಗ್ತಾಳೆ. ಬದುಕಿರುವ ಮಗಳಿಗೆ ಅಪ್ಪ ಶ್ರಾದ್ಧ ಮಾಡ್ತಾನೆ. ಇದನ್ನೆಲ್ಲ ನಮಗೆ ತೋರಿಸೋದು ಅರ್ಧಂಬರ್ಧ ಅರ್ಥವಾಗುವ ಆ ಹುಡುಗನ ಕಣ್ಣಿಂದ. ಕೊನೆಯಲ್ಲಿ ಅವನನ್ನ ಊರಿಂದ ಕರೆದುಕೊಂಡು ಹೋಗುವಾಗ ತಲೆ ಬೋಳಿಸಿದ ಯಮುನಕ್ಕನನ್ನ ಅವನು ನೋಡ್ತಾನೆ. ಯಾರೂ ಭಾಷಣ ಮಾಡಲ್ಲ. ‘ಸ್ಲೋ’ ಅಂತಾರೆ. ಮಂಡ್ಯದ ಹುಡುಗ ಮೊಬೈಲಿನಲ್ಲಿ ಒಂದೂವರೆ ಸ್ಪೀಡಿನಲ್ಲಿ ಶುರು ಮಾಡಿ, ಅರ್ಧ ಗಂಟೆ ಆದ ಮೇಲೆ ತಾನೇ ನಾರ್ಮಲ್‌ಗೆ ಇಟ್ಟನಂತೆ.

ಆದರೆ ನನ್ನ ಅಸಲಿ ಜಗಳ ಇದ್ದದ್ದು ಶರಪಂಜರದ ವಿಷಯಕ್ಕೆ. ಒಬ್ಬ ನಿರ್ದೇಶಕರಿಗೆ ಒಂದೇ ಸಿನಿಮಾ ಅಂತ ರೂಲ್ ಮಾಡೋಣ ಅಂತ ಯಾರೋ ಅಂದರು. ಹಾಗೆ ಮಾಡಿದರೆ ಪುಟ್ಟಣ್ಣ ಕಣಗಾಲರ ಕೋಟಾ ನಾಗರಹಾವಿಗೆ ಹೋಗುತ್ತೆ, ಶರಪಂಜರ ಹೊರಗೆ. 1969ರಲ್ಲಿ ಗೆಜ್ಜೆ ಪೂಜೆ, 1971ರಲ್ಲಿ ಶರಪಂಜರ, 1972ರಲ್ಲಿ ನಾಗರಹಾವು ಮಾಡಿದ ಮನುಷ್ಯನಿಗೆ ಕೋಟಾ ಹಾಕೋದು ಯಾವ ನ್ಯಾಯ? ನಾಗರಹಾವಿನಲ್ಲಿ ಚಿತ್ರದುರ್ಗದ ಬಂಡೆಗಳಿವೆ, ವಿಷ್ಣುವರ್ಧನ್ ಸಿಟ್ಟಿದೆ, ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರಿದ್ದಾರೆ. ಪಟ್ಟಿಯಲ್ಲಿರಲಿ, ನನ್ನ ಓಟೂ ಇದೆ. ಆದರೆ ಅಲಮೇಲು, ಮಾರ್ಗರೆಟ್ ಇಬ್ಬರೂ ರಾಮಾಚಾರಿಯ ಬದುಕಿನಲ್ಲಿ ನಡೆಯುವ ಘಟನೆಗಳು. ಅವರ ಕಡೆಯಿಂದ ಕಥೆ ಏನು ಅಂತ ಸಿನಿಮಾ ಹೆಚ್ಚು ಕೇಳಲ್ಲ. ಶರಪಂಜರ ಕೇಳುವುದೇ ಅದನ್ನ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆ ಬಂದ ಕಾವೇರಿ ಗುಣವಾಗಿ ಮನೆಗೆ ಬರ್ತಾಳೆ. ಅವಳು ಹುಷಾರಾಗಿದ್ದಾಳೆ, ಮನೆ ಆಗಿಲ್ಲ. ಅವಳು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಡಾಕ್ಟರ್ ಕೊಟ್ಟ ಡಿಸ್ಚಾರ್ಜ್‌ಗೆ ಗಂಡ, ಅಕ್ಕಪಕ್ಕದವರು ಯಾರೂ ಸಹಿ ಹಾಕಲ್ಲ. ಕಾಪಾಡೋಕೆ ಹೀರೊ ಬರಲ್ಲ.

ಅಮ್ಮನಿಗೆ ಫೋನ್ ಮಾಡಿ ಕೇಳಿದೆ, ಎರಡರಲ್ಲಿ ಯಾವುದು ದೊಡ್ಡ ಸಿನಿಮಾ ಅಂತ. ಅಮ್ಮ ಹೈಸ್ಕೂಲಿನಲ್ಲಿದ್ದಾಗ ಊರಿನ ಟೆಂಟಿಗೆ ಶರಪಂಜರ ಬಂದಿತ್ತಂತೆ, ಅಜ್ಜಿ ಜೊತೆ ಹೋಗಿದ್ದರಂತೆ. ‘ಮುಗಿದ ಮೇಲೆ ಮನೆ ಮುಟ್ಟೋವರೆಗೂ ಅಜ್ಜಿ ಒಂದು ಮಾತಾಡಲಿಲ್ಲ ಕಣೋ,’ ಅಂದರು. ‘ನಮ್ಮ ಬೀದೀಲಿ ಒಬ್ಬರಿದ್ದರು. ಮಗು ಆದ ಮೇಲೆ ಹಂಗೇ ಆಗಿತ್ತು. ನಾವೆಲ್ಲ ಮಕ್ಕಳು ಅವರ ಮನೆ ಮುಂದೆ ಓಡಿ ಓಡಿ ಹೋಗ್ತಿದ್ವಿ, ಹೆದರಿಕೊಂಡು. ಮಾರನೇ ದಿನ ಅಜ್ಜಿ ಒಂದು ಲೋಟ ಕಾಫಿ ತಗೊಂಡು ಅವರ ಮನೆಗೆ ಹೋದ್ರು. ಆಮೇಲೆ ದಿನಾ ಹೋಗೋರು.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ಮ ಲಿಸ್ಟಿಗೆ ಇದೆಲ್ಲ ಬರೋದಿಲ್ಲ ಬಿಡು’ ಅಂದರು.

ಬರುತ್ತೆ ಅಂತ ನಾನು ಟೀಮಿನಲ್ಲಿ ವಾದ ಮಾಡಿದೆ. ‘ಅದು ಸಿನಿಮಾದ ಪರಿಣಾಮ, ಸಿನಿಮಾದ ಗುಣ ಅಲ್ಲ’ ಅಂದ ಒಬ್ಬ. ಸರಿಯಾದ ಮಾತೇ. ಬಂಗಾರದ ಮನುಷ್ಯ ನೋಡಿ ಪೇಟೆ ಬಿಟ್ಟು ಜಮೀನಿಗೆ ಹೋದವರ ಕಥೆಗಳನ್ನ ಎಲ್ಲರೂ ಹೇಳ್ತಾರೆ, ಅದರಿಂದಲೇ ಸಿನಿಮಾ ದೊಡ್ಡದಾಗಲ್ಲ. ಆದರೆ ಶರಪಂಜರ ಅಜ್ಜಿಗೆ ‘ಹೋಗಿ ಕಾಫಿ ಕೊಡು’ ಅಂತ ಹೇಳಿರಲಿಲ್ಲ. ಕಾವೇರಿ ಒಳಗಡೆ ಕೂತು ಹೊರಗಿನವರ ಮುಖ ನೋಡೋ ಹಾಗೆ ಮಾಡಿತ್ತು. ಅದು ಪುಟ್ಟಣ್ಣನವರ ಮತ್ತು ಕಲ್ಪನಾ ಅವರ ಕೆಲಸ. ಅದೇ ಗುಣ. ಒಂದು ಶುಕ್ರವಾರ ಸಂಜೆ ಮೀಟಿಂಗ್ ರೂಮಿನಲ್ಲಿ ಟೀವಿಗೆ ಹಾಕಿ ಎಲ್ಲರೂ ಕೂತು ನೋಡಿದೆವು. ಮೊದಮೊದಲು ಕಲ್ಪನಾ ಅವರ ಸ್ವರಕ್ಕೆ, ಸೀರೆಗೆ ನಗು ಇತ್ತು. ನಾಟಕೀಯ ಅನ್ನೋದು ನಿಜ, ನಾನೂ ಒಪ್ತೀನಿ. ಕಾವೇರಿ ಮನೆಗೆ ವಾಪಸ್ ಬಂದ ಮೇಲೆ ನಗು ನಿಂತಿತು. ಮಾರನೇ ವಾರ ಶೀಟಿನಲ್ಲಿ ಎಂಟು ‘ಹೌದು’, ಎಂಟು ಅಂಕ. ಒಬ್ಬರಿಗೊಂದು ಅನ್ನೋ ರೂಲ್ ಬಗ್ಗೆ ಮತ್ತೆ ಯಾರೂ ಮಾತಾಡಲಿಲ್ಲ.

ಹೊಸ ಸಿನಿಮಾಗಳ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಿಪುಣ. ಕೆಜಿಎಫ್ 2018ರಲ್ಲಿ ಕನ್ನಡ ಸಿನಿಮಾದ ಮಾರುಕಟ್ಟೆಯನ್ನೇ ಬದಲಿಸಿತು, ಅದು ಇತಿಹಾಸ. ಇತಿಹಾಸ ಬೇರೆ, ಎರಡನೇ ಸಲ ನೋಡಿದಾಗ ಏನು ಉಳಿಯುತ್ತೆ ಅನ್ನೋದು ಬೇರೆ. ಕಾಂತಾರದ ಕೊನೆಯ ಇಪ್ಪತ್ತು ನಿಮಿಷಕ್ಕೆ ಹತ್ತರಲ್ಲಿ ಜಾಗ ಕೊಡ್ತೀನಿ, ಇಡೀ ಸಿನಿಮಾಕ್ಕೆ ಇನ್ನೂ ಇಲ್ಲ. ‘ವರ್ಟಿಗೊ’ 54 ವರ್ಷ ಕಾದಿದೆ, ಇವೂ ಒಂದು ಹತ್ತು ವರ್ಷ ಕಾಯಲಿ. ಇದಕ್ಕೆ ತಿಥಿ ಮಾತ್ರ ಅಪವಾದ. 2015ರಲ್ಲಿ ಲೊಕಾರ್ನೊದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದ ಈ ಸಿನಿಮಾ ತೆಗೆದದ್ದು ಮಂಡ್ಯದ ಹಳ್ಳಿಗಳಲ್ಲಿ, ಅಲ್ಲಿನ ಜನರನ್ನೇ ಹಾಕಿಕೊಂಡು. ನಮ್ಮ ಮಂಡ್ಯದ ಹುಡುಗನೇ ನೋಡಿರಲಿಲ್ಲ! ಭಾನುವಾರ ನೋಡಿ ಸೋಮವಾರ ಬಂದು, ‘ಗಡ್ಡಪ್ಪ ಅಲ್ಲ ಗುರು, ಅದು ನಮ್ಮ ತಾತ’ ಅಂದ. ಅವನ ಕೆಜಿಎಫ್ ಅಂಕ ಅಲ್ಲಿಗೆ ಶಿಫ್ಟ್ ಆಯ್ತು.

ಓಂ ಇರಲೇಬೇಕು ಅನ್ನೋದು ನನ್ನ ಹಟ. ರೌಡಿಸಂ ಸಿನಿಮಾ ಅಂತ ಟೆಸ್ಟರ್ ಮೇಡಂ ಮೂಗು ಮುರಿದರು. 1995ರಲ್ಲಿ ಉಪೇಂದ್ರ ಅಸಲಿ ರೌಡಿಗಳನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿ, ಕಥೆಯನ್ನ ಹಿಂದೆ ಮುಂದೆ ಮಾಡಿ ಹೇಳಿದ್ದನ್ನ ಆಮೇಲೆ ಎಷ್ಟು ಜನ ಕಾಪಿ ಹೊಡೆದರು ಅಂತ ಲೆಕ್ಕ ಹಾಕಿ ಅಂದೆ. ಅವರು ನೋಡಿ, ಅಂಕ ಕೊಡಲಿಲ್ಲ. ನೋಡಿದ ಮೇಲೆ ಬೇಡ ಅನ್ನೋದು ಅವರ ಹಕ್ಕು.

ಕೊನೆಗೆ ನನ್ನ ಶೀಟಿನಲ್ಲಿ ಉಳಿದದ್ದು ಘಟಶ್ರಾದ್ಧ, ಶರಪಂಜರ, ಚೋಮನ ದುಡಿ, ಬಂಗಾರದ ಮನುಷ್ಯ, ನಾಗರಹಾವು, ಭೂತಯ್ಯನ ಮಗ ಅಯ್ಯು, ತಬರನ ಕಥೆ, ಓಂ, ತಿಥಿ. ತಬರನ ಕಥೆಯನ್ನ ಆಫೀಸಿನಲ್ಲಿ ಕೆಲಸ ಮಾಡುವ ಎಲ್ಲರೂ ನೋಡಬೇಕು. ಹೆಂಡತಿಯ ಕಾಲು ಕೊಳೆಯುತ್ತಿರುವಾಗ ಪೆನ್ಷನ್‌ಗಾಗಿ ಮೇಜಿಂದ ಮೇಜಿಗೆ ಅಲೆಯುವ ತಬರ, ‘ಇನ್ ಪ್ರೋಗ್ರೆಸ್’ ಅಂತ ನಾವು ಸುಮ್ಮನೆ ಬಿಡುವ ಪ್ರತಿ ಟಿಕೆಟ್ಟಿನ ಹಿಂದೆಯೂ ನಿಂತಿರ್ತಾನೆ. ಸಂಸ್ಕಾರ ಎಲ್ಲಿ ಅಂತ ನೀವು ಕೇಳ್ತೀರಿ. ನನಗೆ ಅದು ಕಾದಂಬರಿಯಾಗಿಯೇ ದೊಡ್ಡದು. ಕಸ್ತೂರಿ ನಿವಾಸ ಎಲ್ಲಿ ಅಂತ ಅಪ್ಪ ಕೇಳಿದ್ದಾರೆ, ಇನ್ನೂ ಉತ್ತರ ಕೊಟ್ಟಿಲ್ಲ. ಮುಂಗಾರು ಮಳೆಯನ್ನ ತೆಗೆಯುವಾಗ ಕೈ ನಡುಗಿತು.

ಎಣಿಸಿದರೆ ಒಂಬತ್ತೇ ಇವೆ. ಹತ್ತನೆಯದಕ್ಕೆ ಟೆಸ್ಟರ್ ಮೇಡಂ ಒಂದು ಹೆಸರು ಹೇಳಿದ್ದಾರೆ: ‘ಫಣಿಯಮ್ಮ’, 1983, ಎಂ.ಕೆ. ಇಂದಿರಾ ಕಾದಂಬರಿ, ಪ್ರೇಮಾ ಕಾರಂತ್ ನಿರ್ದೇಶನ. ಬಾಲವಿಧವೆಯ ಕಥೆಯನ್ನ ಒಬ್ಬ ಹೆಂಗಸು ಬರೆದು, ಇನ್ನೊಬ್ಬ ಹೆಂಗಸು ಸಿನಿಮಾ ಮಾಡಿದ್ದು. ಹನ್ನೊಂದು ಶೀಟಿನಲ್ಲಿ ಒಂದರಲ್ಲೂ ಅದು ಇರಲಿಲ್ಲ. ಈ ಶುಕ್ರವಾರ ಆರೂವರೆಗೆ ಮೀಟಿಂಗ್ ರೂಮ್ ಬುಕ್ ಆಗಿದೆ. ಅಲ್ಲಿಯವರೆಗೆ ಆ ಸಾಲು ಖಾಲಿ.